ಸೀಲಿಯಾಕ್ ಕಾಯಿಲೆ ಮತ್ತು ಗ್ಲುಟೆನ್ ಇಲ್ಲದ ಊಟ: ದಕ್ಷಿಣ ಬೆಂಗಳೂರಿನ ನೆಲೆಯಲ್ಲಿ

ಸೀಲಿಯಾಕ್ ಕಾಯಿಲೆ: ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆ ಸೇರಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಒಮ್ಮೆ ಬಂದರೆ ಬದುಕಿರುವವರೆಗೂ ಇರುತ್ತದೆ. ವಾಸಿ ಮಾಡುವ ಮಾತ್ರೆ ಇನ್ನೂ ಬಂದಿಲ್ಲ. ಗ್ಲುಟೆನ್ ಪೂರ್ತಿ ಬಿಟ್ಟರೆ ಮಾತ್ರ ಕರುಳು ಚೇತರಿಸಿಕೊಳ್ಳುತ್ತದೆ. ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬಸವನಗುಡಿ, ಜಯನಗರದ ಕಡೆಯ ಮನೆಯೊಂದರಲ್ಲಿ ಈ ಕಾಯಿಲೆ ಪತ್ತೆಯಾದಾಗ ‘ಇನ್ನು ತಿನ್ನುವುದಾದರೂ ಏನನ್ನು’ ಎಂಬ ದಿಗಿಲು ಮೊದಲು ಹುಟ್ಟುತ್ತದೆ. ಆ ದಿಗಿಲಿಗೆ ಆಧಾರ ಕಡಿಮೆ. ಅಕ್ಕಿ, ರಾಗಿ, ಜೋಳ, ಬೇಳೆಗಳ ಮೇಲೆ ನಿಂತ ಕನ್ನಡದ ಅಡುಗೆ ಬಹುಮಟ್ಟಿಗೆ ಗ್ಲುಟೆನ್ ಇಲ್ಲದ ಅಡುಗೆಯೇ. ನಿಜವಾದ ಕಷ್ಟ ಚಿಟಿಕೆ ಇಂಗಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಮತ್ತು ‘ಒಂಚೂರು ತಗೊಳ್ಳಿ, ಏನೂ ಆಗಲ್ಲ’ ಎನ್ನುವ ಪ್ರೀತಿಯ ಒತ್ತಾಯದಲ್ಲಿದೆ.

ಕರುಳಿನಲ್ಲಿ ಆಗುವುದೇನು

ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ನವಿರಾದ ಎಳೆಗಳಿಂದ ತುಂಬಿರುತ್ತದೆ. ಇವನ್ನು ವಿಲ್ಲೈ ಎನ್ನುತ್ತಾರೆ. ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವ ಕೆಲಸ ಇವುಗಳದ್ದು. ಗ್ಲುಟೆನ್ ಪೂರ್ತಿ ಜೀರ್ಣವಾಗದೆ ಚಿಕ್ಕ ತುಣುಕುಗಳಾಗಿ ಉಳಿಯುತ್ತದೆ. ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ (ಟಿಟಿಜಿ) ಎಂಬ ಕಿಣ್ವ ಆ ತುಣುಕುಗಳನ್ನು ಬದಲಾಯಿಸುತ್ತದೆ. ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುರುತು ಇರುವ ಕೆಲವರಲ್ಲಿ ರಕ್ಷಣಾ ಕೋಶಗಳು ಈ ತುಣುಕುಗಳನ್ನು ಶತ್ರುವೆಂದು ಬಗೆದು ದಾಳಿ ಮಾಡುತ್ತವೆ. ದಾಳಿಗೆ ಸಿಕ್ಕ ಎಳೆಗಳು ಸವೆದು ಕರುಳಿನ ಒಳಮೈ ಚಪ್ಪಟೆಯಾಗುತ್ತದೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ಮಕ್ಕಳಲ್ಲಿ ಭೇದಿ, ಹೊಟ್ಟೆ ಉಬ್ಬರ, ಎತ್ತರ ಬೆಳೆಯದಿರುವುದು ಸಾಮಾನ್ಯ ಲಕ್ಷಣಗಳು. ದೊಡ್ಡವರಲ್ಲಿ ಎಷ್ಟೋ ಸಲ ಹೊಟ್ಟೆಯ ತೊಂದರೆಯೇ ಕಾಣಿಸದು. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ಸವೆದ ಮೂಳೆ, ಬಾಯಿಹುಣ್ಣು, ತೀರದ ದಣಿವು, ಪದೇಪದೇ ಗರ್ಭಪಾತ, ಮೊಣಕೈ ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆ ಇವುಗಳಲ್ಲಿ ಯಾವುದಾದರೂ ಒಂದೇ ಸುಳಿವಾಗಿರಬಹುದು. ಟೈಪ್ 1 ಮಧುಮೇಹ, ಥೈರಾಯಿಡ್‌ನ ಆಟೋಇಮ್ಯೂನ್ ತೊಂದರೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ಕಾಯಿಲೆ ಹೆಚ್ಚು.

ಪಥ್ಯದ ಗುಟ್ಟು ಬಯಲಾದದ್ದು ತಡವಾಗಿ. ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ರೋಗವನ್ನು ಸ್ಪಷ್ಟವಾಗಿ ಬಣ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಎಂದು ಊಹಿಸಿದ್ದರು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಾಕಿದರು. ಮಕ್ಕಳು ಚೇತರಿಸಿಕೊಂಡರು, ಅದು ಬಾಳೆಹಣ್ಣಿನ ಮಹಿಮೆಯಲ್ಲ, ತಟ್ಟೆಯಲ್ಲಿ ಬ್ರೆಡ್ ಇಲ್ಲದ್ದರ ಫಲವೆಂದು ಆಗ ಯಾರಿಗೂ ಹೊಳೆಯಲಿಲ್ಲ. ಡಚ್ ಮಕ್ಕಳ ವೈದ್ಯ ವಿಲ್ಲೆಂ ಡಿಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟು 1950ರಲ್ಲಿ ಪ್ರಬಂಧ ಬರೆದ ಮೇಲೆ ಚಿಕಿತ್ಸೆಗೆ ದಾರಿ ತೆರೆಯಿತು.

ದಕ್ಷಿಣದಲ್ಲಿ ಅಪರೂಪ ಏಕೆ

ಭಾರತದ ಮೂರು ಭಾಗಗಳಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಕಂಡವು. ಇಷ್ಟಕ್ಕೇ ನಿಂತರೆ ಇದು ಉತ್ತರದವರ ಕಾಯಿಲೆ ಎಂದು ಕೈಬಿಡಬಹುದು. ಅದೇ ಅಧ್ಯಯನ ಜೀನುಗಳನ್ನೂ ನೋಡಿತ್ತು. ಡಿಕ್ಯೂ2 ಅಥವಾ ಡಿಕ್ಯೂ8 ಇರುವವರ ಪಾಲು ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4. ಹೆಚ್ಚುಕಡಿಮೆ ಒಂದೇ. ಅಜಗಜಾಂತರವಿದ್ದದ್ದು ತಟ್ಟೆಯಲ್ಲಿ: ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಗೋಧಿಯ ಪ್ರಮಾಣವೊಂದೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಬೆಂಗಳೂರಿನವರು ಗಮನಿಸಬೇಕಾದ ಲೆಕ್ಕ ಇದು, ಏಕೆಂದರೆ ಇಲ್ಲಿನ ತಟ್ಟೆ ಬದಲಾಗಿದೆ.

ಗೋಧಿ ಇಲ್ಲಿಗೆ ಹಲವು ಬಾಗಿಲುಗಳಿಂದ ಬಂತು. 1924ರಲ್ಲಿ ಶುರುವಾದ ಎಂ.ಟಿ.ಆರ್., ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿಯನ್ನು ತಾನೇ ಕಂಡುಹಿಡಿದೆ ಎನ್ನುತ್ತದೆ. ಬೆಳಗಿನ ಖಾರಾಬಾತು-ಕೇಸರಿಬಾತು, ಸಂಜೆಯ ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ಮಕ್ಕಳ ನೂಡಲ್ಸ್ ಒಂದೊಂದಾಗಿ ಸೇರಿಕೊಂಡವು. ‘ಶುಗರ್’ ಬಂತೆಂದು ರಾತ್ರಿಯ ಅನ್ನ ಬಿಟ್ಟು ಚಪಾತಿ ಹಿಡಿದ ಮನೆಗಳಂತೂ ಬೀದಿಗೆ ಹತ್ತಾರು. ಅನ್ನ ಬಿಡುವ ವ್ರತದ ದಿನ ಗೋಧಿ ರವೆಯ ಉಪ್ಪಿಟ್ಟು ಮಾಡುವ ರೂಢಿ ಅದಕ್ಕೂ ಹಳೆಯದು.

ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು

ಮೊದಲ ಹೆಜ್ಜೆ ರಕ್ತಪರೀಕ್ಷೆ: ಟಿಟಿಜಿ-ಐಜಿಎ ಪ್ರತಿಕಾಯ ಮತ್ತು ಅದರೊಟ್ಟಿಗೆ ಒಟ್ಟು ಐಜಿಎ ಪ್ರಮಾಣ. ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವವರಲ್ಲಿ ಮೊದಲನೆಯದು ಸುಳ್ಳೇ ಸರಿಯಾಗಿದೆ ಎಂದು ತೋರಬಹುದು. ಅವರಿಗೆ ಐಜಿಜಿ ಆಧರಿಸಿದ ಪರೀಕ್ಷೆ ಬೇಕು. ಅನಂತರ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾರು ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ದಕ್ಷಿಣ ಭಾರತದಲ್ಲಿ ಒಂದು ತೊಡಕಿದೆ. ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಯಲ್ಲೂ ಕರುಳಿನ ಎಳೆಗಳು ಹೀಗೆಯೇ ಸವೆಯುತ್ತವೆ, ಆದರೆ ಅದು ಆಂಟಿಬಯೋಟಿಕ್ ಮತ್ತು ಫೋಲಿಕ್ ಆಮ್ಲಕ್ಕೆ ವಾಸಿಯಾಗುತ್ತದೆ. ಆದ್ದರಿಂದ ಬಯಾಪ್ಸಿಯೊಂದನ್ನೇ ನೆಚ್ಚದೆ ರಕ್ತದ ಫಲಿತಾಂಶವನ್ನೂ ಜೊತೆಗಿಟ್ಟು ನೋಡಬೇಕು.

ಇಲ್ಲಿ ಆಗುವ ದೊಡ್ಡ ಅನಾಹುತ ಇನ್ನೊಂದು. ಯಾರದೋ ಮಾತು ಕೇಳಿ ತಿಂಗಳುಗಟ್ಟಲೆ ಗೋಧಿ ಬಿಟ್ಟು, ಸ್ವಲ್ಪ ಹಾಯೆನಿಸಿದ ಮೇಲೆ ವೈದ್ಯರ ಬಳಿ ಹೋಗುವುದು. ಅಷ್ಟರಲ್ಲಿ ಪ್ರತಿಕಾಯ ಇಳಿದಿರುತ್ತದೆ, ಕರುಳು ಮಾಗತೊಡಗಿರುತ್ತದೆ, ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಖಚಿತ ಉತ್ತರ ಬೇಕೆಂದರೆ ವೈದ್ಯರ ನಿಗಾದಲ್ಲಿ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ. ಅದು ಯಾತನೆ. ಗೋಧಿ ಅಲರ್ಜಿ ಬೇರೆ, ಸೀಲಿಯಾಕ್ ಇಲ್ಲದೆಯೂ ಗೋಧಿ ಒಗ್ಗದಿರುವುದು ಬೇರೆ. ಬಾಳಿಡೀ ನಡೆಸಬೇಕಾದ ಪಥ್ಯವನ್ನು ಊಹೆಯ ಮೇಲೆ ಹಿಡಿಯಬಾರದು.

ಅಡುಗೆಮನೆ

ಗೋಧಿ ಹಿಟ್ಟು, ಮೈದಾ, ಗೋಧಿ ರವೆ, ಚಿರೋಟಿ ರವೆ, ಗೋಧಿ ಶಾವಿಗೆ, ಬಾರ್ಲಿ ಇವೆಲ್ಲ ಹೊರಗೆ. ‘ಹಳೇ ಕಾಲದ್ದು, ಒಳ್ಳೆಯದು’ ಎಂದು ಮಾರುವ ಕಪ್ಲಿ ಗೋಧಿಯೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ. ಅಕ್ಕಿ, ಅವಲಕ್ಕಿ, ಮಂಡಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಮೆಕ್ಕೆಜೋಳ, ಸಬ್ಬಕ್ಕಿ, ಎಲ್ಲ ಬೇಳೆಕಾಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು, ಮಾಂಸ ಒಳಗೆ. ಕಾಫಿಪುಡಿಗೆ ಬೆರೆಸುವ ಚಿಕೋರಿಯೂ ತೊಂದರೆ ಕೊಡದು.

ಕಣಕ ಹಿಗ್ಗುವುದು, ಚಪಾತಿ ಹರಿಯದೆ ತೆಳುವಾಗುವುದು ಗ್ಲುಟೆನ್‌ನಿಂದ. ಪಶ್ಚಿಮದ ದೇಶಗಳಲ್ಲಿ ಅದಿಲ್ಲದೆ ಬ್ರೆಡ್ ಮಾಡಲು ಬಗೆಬಗೆಯ ಅಂಟುಗಳನ್ನು ಬೆರೆಸುತ್ತಾರೆ. ಕರ್ನಾಟಕದ ಹೆಂಗಸರು ಈ ಸಮಸ್ಯೆಗೆ ತಲೆಮಾರುಗಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸುತ್ತಾರೆ. ಜೋಳದ ರೊಟ್ಟಿಗೆ ಬಿಸಿನೀರು ಹಾಕಿ ನಾದುತ್ತಾರೆ. ಬಿಸಿಗೆ ಪಿಷ್ಟ ಬೆಂದು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಮುದ್ದೆ ಕಟ್ಟುವುದೂ ಇದೇ ಬಲದಿಂದ. ಇಡ್ಲಿ, ದೋಸೆಯಲ್ಲಿ ಉದ್ದಿನ ಲೋಳೆ ಹುದುಗಿನ ಗಾಳಿಯನ್ನು ಹಿಡಿದುಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಹೊಸದಾಗಿ ಪಥ್ಯ ಹಿಡಿದವರು ದುಬಾರಿ ಗ್ಲುಟೆನ್‌ಮುಕ್ತ ಬ್ರೆಡ್ಡನ್ನು ಹುಡುಕುವ ಮೊದಲು ಅಜ್ಜಿಯಿಂದ ಉಕ್ಕರಿಸುವುದನ್ನು ಕಲಿಯುವುದು ಮೇಲು. ಅಂಗಡಿಯ ಗ್ಲುಟೆನ್‌ಮುಕ್ತ ಬಿಸ್ಕತ್ತುಗಳಲ್ಲಿ ಪಿಷ್ಟ, ಸಕ್ಕರೆ, ಕೊಬ್ಬೇ ಹೆಚ್ಚು. ರಾಗಿಯಲ್ಲಾದರೆ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆ ಸವೆದವರಿಗೆ ಅದು ಸಣ್ಣ ಲಾಭವಲ್ಲ. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರ ದುಡಿಮೆಯ ಫಲವನ್ನು ಈ ರೋಗಿಗಳೂ ಉಣ್ಣುತ್ತಿದ್ದಾರೆ.

ಇನ್ನು ಕಣ್ಣಿಗೆ ಕಾಣದ ಗೋಧಿ. ಎಲ್ಲಕ್ಕಿಂತ ಮೋಸ ಮಾಡುವುದು ಇಂಗು. ಅಂಗಡಿಯ ಇಂಗು ಅಪ್ಪಟ ಇಂಗಾಗಿರುವುದು ಅಪರೂಪ. ಗೋಂದು ಮತ್ತು ಹಿಟ್ಟು ಬೆರೆಸಿದ್ದೇ ಹೆಚ್ಚು, ಆ ಹಿಟ್ಟು ಬಹಳ ಸಲ ಗೋಧಿಯದು. ಸಾರು, ಹುಳಿ, ಗೊಜ್ಜು, ಉಪ್ಪಿನಕಾಯಿ, ಉದ್ದಿನ ಹಪ್ಪಳ, ಕೋಸಂಬರಿಯ ಒಗ್ಗರಣೆ ಎಲ್ಲೆಲ್ಲೂ ಅದಿದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಪೊಟ್ಟಣ ಓದಿ ಆರಿಸಬೇಕು, ಇಲ್ಲವೇ ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ, ಕರಿಬೇವು ಸಾಕೆಂದು ಬಿಡಬೇಕು.

ಎರಡನೆಯದು ಹಿಟ್ಟಿನ ಗಿರಣಿ. ಬೀದಿಯ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿಗೇ ಮುಂದಿನವರ ರಾಗಿ ಬೀಳುತ್ತದೆ. ರಾಗಿ ಶುದ್ಧ, ಹಿಟ್ಟು ಶುದ್ಧವಲ್ಲ. ಅಕ್ಕಿ ನೆನೆಸಿ ಆರಿಸಿ ಮಿಕ್ಸಿಯಲ್ಲಿ ಪುಡಿ ಮಾಡುವುದು, ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ತರುವುದು ಅಥವಾ ಪರೀಕ್ಷೆಯಾದ ಪೊಟ್ಟಣದ ಹಿಟ್ಟು ಕೊಳ್ಳುವುದು ಇದಕ್ಕಿರುವ ದಾರಿಗಳು. ಓಟ್ಸ್ ಕಥೆಯೂ ಹಾಗೆಯೇ: ಅಪ್ಪಟ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆ, ಆದರೆ ಮಾಮೂಲಿ ಪೊಟ್ಟಣಕ್ಕೆ ಗೋಧಿ ಬೆರೆತಿರಬಹುದು. ಬಾರ್ಲಿ ಮಾಲ್ಟ್ ಹಾಕಿದ ಹಾಲಿನ ಪುಡಿಗಳು, ಬಿಯರ್, ಗೋಬಿ ಮಂಚೂರಿಯ ಸೋಯಾ ಸಾಸ್, ಗೋಧಿ ಸೇರಿಸಿ ಹುರಿದ ಮಕ್ಕಳ ಹುರಿಹಿಟ್ಟು ಕೂಡ ಬಿಡಬೇಕಾದವು. ಕೋಡುಬಳೆ, ನಿಪ್ಪಟ್ಟು, ಮದ್ದೂರು ವಡೆಗೆ ಮೈದಾ, ರವೆ ಬೀಳುವುದುಂಟು. ಕಡಲೆಹಿಟ್ಟಿನ ಬಜ್ಜಿ ತನ್ನಷ್ಟಕ್ಕೆ ಸರಿ. ಮೈದಾದ ಗೋಳಿಬಜೆ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದರೆ ಕೆಟ್ಟಿತು.

ಇಷ್ಟು ಸಣ್ಣದಕ್ಕೆ ಇಷ್ಟು ರಂಪವೇ ಎಂದು ಕೇಳುವವರಿಗೆ ಅಳತೆಯಲ್ಲೇ ಉತ್ತರವಿದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳು ಮತ್ತೆ ಸವೆಯುತ್ತದೆಂದು 2007ರ ಇಟಲಿಯ ಅಧ್ಯಯನ ತೋರಿಸಿತು. ಬ್ರೆಡ್ಡಿನ ಒಂದೇ ಹೋಳಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರದ ಪದಾರ್ಥಕ್ಕೆ ಮಾತ್ರ ಗ್ಲುಟೆನ್‌ಮುಕ್ತ ಎಂಬ ಚೀಟಿ ಹಾಕಬಹುದು. ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಪೊಟ್ಟಣದ ಮೇಲೆ ಅಲರ್ಜಿಯ ಎಚ್ಚರಿಕೆಯಾಗಿ ಮುದ್ರಿಸಬೇಕು. ಸಂತೆಯಲ್ಲಿ, ಬಿಡಿ ಅಂಗಡಿಯಲ್ಲಿ ತೂಗಿ ಕೊಡುವ ಪುಡಿಗೆ ಚೀಟಿಯೇ ಇರುವುದಿಲ್ಲ.

ಮನೆಯಲ್ಲಿ ಮಿಕ್ಕವರು ಚಪಾತಿ ತಿನ್ನುವುದಾದರೆ ಲಟ್ಟಣಿಗೆ, ಮಣೆ, ಜರಡಿ, ಕಾವಲಿ ಬೇರೆ ಇರಲಿ. ಮಡಿ-ಮೈಲಿಗೆಯ ಶಿಸ್ತನ್ನು ಕಂಡ ಹಿರಿಯರು ಪಾತ್ರೆ ಬೇರೆ ಇಡುವುದನ್ನು ಬೇಗ ಹಿಡಿದುಕೊಳ್ಳುತ್ತಾರೆ. ಆದರೆ ಬೇರೆ ಇಡಬೇಕಾದದ್ದು ಪಾತ್ರೆಯನ್ನು, ಮಗುವನ್ನಲ್ಲ. ಎಲ್ಲರೂ ತಿನ್ನುವ ಸಾರು ಪಲ್ಯವನ್ನೇ ಗ್ಲುಟೆನ್ ಇಲ್ಲದಂತೆ ಮಾಡಿಬಿಟ್ಟರೆ ಊಟಕ್ಕೆ ಒಟ್ಟಿಗೆ ಕೂರಬಹುದು.

ಮನೆಯ ಹೊರಗೆ

ಹೋಟೆಲಿನ ಅಕ್ಕಿ ಇಡ್ಲಿ, ಕೊಬ್ಬರಿ ಚಟ್ನಿ ಇದ್ದುದರಲ್ಲಿ ನೆಮ್ಮದಿಯ ತಿಂಡಿ. ಸಾಂಬಾರಿನ ಇಂಗನ್ನು ಕೇಳಬೇಕು. ದೋಸೆಯ ಹಿಟ್ಟು ಸರಿಯಿದ್ದರೂ ರವೆ ದೋಸೆ ಹುಯ್ದ ಕಾವಲಿಯೇ ಅದಕ್ಕೂ ಬರುತ್ತದೆ. ಹಬ್ಬಗಳಲ್ಲಿ ಸಂಕ್ರಾಂತಿ ದಯೆ ತೋರುತ್ತದೆ: ಎಳ್ಳುಬೆಲ್ಲ, ಕಬ್ಬು, ಹುಗ್ಗಿ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿ ಇಂಗಿಲ್ಲದಿದ್ದರೆ ಪೂರ್ತಿ ಸುರಕ್ಷಿತ. ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆಯ ಕಡಲೆಕಾಯಿ ಹೊಟ್ಟೆ ತುಂಬ ತಿನ್ನಬಹುದು. ಯುಗಾದಿಯ ಹೋಳಿಗೆ ಕಷ್ಟದ್ದು. ಉಕ್ಕರಿಸಿದ ಅಕ್ಕಿ ಹಿಟ್ಟಿನ ಕಣಕದಲ್ಲಿ ದಪ್ಪಗೆ ತಟ್ಟಿದರೆ ಆದೀತು, ಮೈದಾದ ನವಿರು ಬಾರದು. ಗಣೇಶನಿಗೆ ಕರಿಗಡುಬಿನ ಬದಲು ಅಕ್ಕಿ ಹಿಟ್ಟಿನ ಹಬೆ ಕಡುಬು.

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೋಧಿ ರವೆಯದು. ಪ್ರಸಾದ ಬೇಡವೆನ್ನಲು ಹಿರಿಯರಿಗೆ ನಾಲಿಗೆ ಏಳುವುದಿಲ್ಲ, ಮಗುವಿನ ಕೈಗೆ ಬೆರಳತುದಿಯಷ್ಟು ಇಟ್ಟೇ ಇಡುತ್ತಾರೆ. ತೀರ್ಥ, ತುಳಸಿ, ಬಾಳೆಹಣ್ಣು, ಕಲ್ಲುಸಕ್ಕರೆಯೂ ಪ್ರಸಾದವೇ. ಪುರೋಹಿತರಿಗೆ ಮೊದಲೇ ತಿಳಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ನಮ್ಮಲ್ಲಿ ಪಥ್ಯವೆಂದರೆ ಒಂದು ಮಂಡಲ, ಹೆಚ್ಚೆಂದರೆ ಬಾಣಂತನ ಮುಗಿಯುವ ತನಕ. ಮುಗಿಯದ ಪಥ್ಯವೊಂದಿದೆ ಎಂಬುದನ್ನು ನೆಂಟರಿಗೆ ತಾಳ್ಮೆಯಿಂದ, ಮತ್ತೆಮತ್ತೆ ಹೇಳಬೇಕಾಗುತ್ತದೆ. ಹೇಳುವ ಹೊಣೆ ಮಗುವಿನ ಮೇಲೆ ಬೀಳದಂತೆ ಮನೆಯ ದೊಡ್ಡವರು ನೋಡಿಕೊಳ್ಳಬೇಕು. ಶಾಲೆಗೂ ಬರೆದು ಕೊಡಬೇಕು, ಹುಟ್ಟುಹಬ್ಬದ ಕೇಕಿನ ದಿನ ಡಬ್ಬಿಯಲ್ಲಿ ಅಷ್ಟೇ ಸಿಹಿಯಾದದ್ದೇನಾದರೂ ಇರಬೇಕು.

ಅನಂತರದ ನಿಗಾ

ಪಥ್ಯ ಶುರುವಾದ ಕೆಲವೇ ವಾರಗಳಲ್ಲಿ ಹಸಿವು, ಲವಲವಿಕೆ ಮರಳುವುದುಂಟು. ಪ್ರತಿಕಾಯ ಇಳಿಯಲು ತಿಂಗಳುಗಳು ಬೇಕು. ಮಕ್ಕಳ ಕರುಳು ಬೇಗ ಮಾಗುತ್ತದೆ, ದೊಡ್ಡವರಿಗೆ ವರ್ಷಗಳೇ ಹಿಡಿಯಬಹುದು. ಆರಂಭದಲ್ಲಿ ಕೆಲವರಿಗೆ ಹಾಲು ಒಗ್ಗದು, ಕರುಳು ಚೇತರಿಸಿಕೊಂಡ ಮೇಲೆ ಒಗ್ಗುತ್ತದೆ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12, ಡಿ ಜೀವಸತ್ವ, ಥೈರಾಯಿಡ್, ದೊಡ್ಡವರಲ್ಲಿ ಮೂಳೆಯ ಸಾಂದ್ರತೆ ಇವನ್ನು ವೈದ್ಯರು ಕಾಲಕಾಲಕ್ಕೆ ನೋಡುತ್ತಾರೆ. ಪಥ್ಯ ಮಾಡಿಯೂ ಪ್ರತಿಕಾಯ ಇಳಿಯದಿದ್ದರೆ ಮೊದಲು ಹುಡುಕಬೇಕಾದದ್ದು ಇಂಗಿನ ಡಬ್ಬಿ ಮತ್ತು ಹಿಟ್ಟು ಬೀಸಿದ ಗಿರಣಿಯನ್ನು. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಈ ಕಾಯಿಲೆಯ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಏನೂ ತೊಂದರೆ ಇಲ್ಲದಿದ್ದರೂ ಅವರೆಲ್ಲರೂ, ಗೋಧಿ ತಿನ್ನುತ್ತಿರುವಾಗಲೇ, ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.