ಹಲಸಿಯ ತಾಮ್ರಪಟಗಳು ಮತ್ತು ಮೂರನೆಯ ಜೈನಪಂಥ

ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ಗುಡಿ ನೋಡಿ ಮರಳುತ್ತಾರೆ. ಅದು ಗೋವೆ ಕದಂಬರ ಕಾಲದ್ದು. ಅದಕ್ಕೂ ಆರೇಳು ನೂರು ವರ್ಷ ಹಿಂದೆ ಬನವಾಸಿ ಕದಂಬರಿಗೆ ಇದೇ ಊರು ಪಲಾಶಿಕಾ. ಜೈನ ಮುನಿಗಳ ದೊಡ್ಡ ನೆಲೆ. ಇದು ಬೆಳಕಿಗೆ ಬಂದದ್ದು ಊರಾಚೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಬಾವಿಯ ಪಕ್ಕದ ಮಣ್ಣದಿಬ್ಬದಲ್ಲಿ ತಾಮ್ರಪಟಗಳು ಸಿಕ್ಕಾಗ.

ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಅವನ್ನು ಓದಿ ಅಚ್ಚು ಹಾಕಿಸಿದರು. ಯಾರ ಮಗ ಯಾರು, ಯಾರ ನಂತರ ಯಾರು ಪಟ್ಟಕ್ಕೆ ಬಂದರು ಎಂಬುದೇ ಆಗಿನ ಮುಖ್ಯ ಪ್ರಶ್ನೆ. 1931ರಲ್ಲಿ ಜಾರ್ಜ್ ಮೊರೇಸ್ ಬರೆದ ‘ಕದಂಬ ಕುಲ’ಕ್ಕೂ ಅರಸರೇ ಬೆನ್ನೆಲುಬು. ಈ ಪಟಗಳಲ್ಲಿ ದಾನ ಪಡೆದವರ ಕಡೆ ಕಣ್ಣು ಹೋದದ್ದು ತಡವಾಗಿ.

ಕದಂಬ ಅರಸ ಮೃಗೇಶವರ್ಮನ ಪಟವನ್ನೇ ನೋಡಿ. ತಂದೆಯ ಪುಣ್ಯಕ್ಕಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟ. ಪಡೆದವರು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಜೈನ ಪಂಥಗಳವರು. ಮುಂದೆ ರವಿವರ್ಮ ಕಾರ್ತಿಕದ ಎಂಟು ದಿನದ ಜಿನೋತ್ಸವಕ್ಕೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳ ಊಟಕ್ಕೂ ಕಟ್ಟಳೆ ಮಾಡಿದ. ಖಾನಾಪುರದ ಮಳೆ ಕಂಡವರಿಗೆ ಆ ಕಟ್ಟಳೆಯ ತೂಕ ತಿಳಿದೀತು.

ಈ ಯಾಪನೀಯರು ಯಾರು? ಇದೇ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ 1933ರಲ್ಲಿ ಆ ಪ್ರಶ್ನೆ ಎತ್ತಿಕೊಂಡರು. 1974ರಲ್ಲಿ ಮತ್ತೆ ಅದೇ ವಿಷಯಕ್ಕೆ ಮರಳಿದರು. ಯಾಪನೀಯ ಮುನಿಗಳು ದಿಗಂಬರರಂತೆ ಬೆತ್ತಲೆ. ಸ್ತ್ರೀಗೂ ಅದೇ ಜನ್ಮದಲ್ಲಿ ಮೋಕ್ಷವುಂಟು, ಕೇವಲಜ್ಞಾನಿಯೂ ಆಹಾರ ಸೇವಿಸುತ್ತಾನೆ ಎಂಬ ಮಾತುಗಳಲ್ಲಿ ಶ್ವೇತಾಂಬರರ ಜೊತೆ. ಹಾಗೆಂದು ಇವರನ್ನು ಎರಡು ಪಂಥಗಳ ನಡುವಿನ ರಾಜಿ ಎಂದು ತಳ್ಳಿಬಿಡುವುದು ಸರಿಯಲ್ಲ.

9ನೇ ಶತಮಾನದ ಯಾಪನೀಯ ವೈಯಾಕರಣ ಶಾಕಟಾಯನನ ವಾದ ನೋಡಿದರೆ ಸಾಕು. ಸ್ತ್ರೀ ಏಳನೇ ನರಕಕ್ಕೆ ಇಳಿಯುವಷ್ಟು ತೀವ್ರ ಪಾಪ ಮಾಡಲಾರಳು, ಆದ್ದರಿಂದ ಮೋಕ್ಷಕ್ಕೆ ಏರುವ ಶಕ್ತಿಯೂ ಅವಳಿಗಿಲ್ಲ ಎಂಬುದು ಎದುರಾಳಿ ದಿಗಂಬರರ ಪಟ್ಟು. ಅವರು ಒಪ್ಪಿದ ಶಾಸ್ತ್ರವನ್ನೇ ಶಾಕಟಾಯನ ಮುಂದೆ ಹಿಡಿಯುತ್ತಾನೆ: ಹಕ್ಕಿ, ಹಾವು, ನಾಲ್ಕು ಕಾಲಿನ ಪ್ರಾಣಿಗಳು ಇಳಿಯುವ ನರಕ ಬೇರೆ ಬೇರೆ, ಏರುವ ಸ್ವರ್ಗ ಮಾತ್ರ ಒಂದೇ. ಹಾಗಾದರೆ ಇಳಿಯುವುದಕ್ಕೂ ಏರುವುದಕ್ಕೂ ಏನು ನಂಟು? ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರವೆಂಬ ರತ್ನತ್ರಯವಿದ್ದರೆ ಮೋಕ್ಷ, ಅದು ಸ್ತ್ರೀಗಿಲ್ಲ ಎನ್ನಲು ಆಧಾರವೆಲ್ಲಿ? ಪದ್ಮನಾಭ ಜೈನಿ 1991ರಲ್ಲಿ ಈ ವಾದವಿರುವ ಕೃತಿಯನ್ನು ಇಂಗ್ಲಿಷಿಗೆ ತಂದ ಮೇಲೆ ಹೊರಗಿನ ವಿದ್ವಾಂಸರೂ ಚರ್ಚೆಗೆ ಇಳಿದರು.

ನಡುವೆ 1957ರಲ್ಲಿ ಪಿ.ಬಿ. ದೇಸಾಯಿ ದಕ್ಷಿಣದ ಜೈನ ಶಾಸನಗಳನ್ನು ಕೂಡಿಸಿ ನೋಡಿದ್ದರು. ಹಂಪ ನಾಗರಾಜಯ್ಯ ಕನ್ನಡದಲ್ಲೇ ಯಾಪನೀಯರ ಬಗೆಗೆ ಪುಸ್ತಕ ಬರೆದರು. ಬೆಳಗಾವಿಯ ದೊಡ್ಡ ಬಸದಿಯ ನೇಮಿನಾಥನ ಪೀಠದಲ್ಲಿ ಯಾಪನೀಯರ ಬರಹವಿದೆ. ಇಂದು ಪೂಜಿಸುವವರು ದಿಗಂಬರರು. ಯಾಪನೀಯ ಸಂಘ ಕರಗಿತು, ಜನ ಎಲ್ಲೂ ಹೋಗಲಿಲ್ಲ ಎಂದೇ ನನಗನಿಸುತ್ತದೆ.

ಯಾರು ಯಾಪನೀಯರು ಎಂಬ ಜಗ್ಗಾಟ ಈಗ ಸಾಹಿತ್ಯಕ್ಕೂ ಬಂದಿದೆ. ಹಳಗನ್ನಡದ ‘ವಡ್ಡಾರಾಧನೆ’ಯ 19 ಕತೆಗಳಿಗೆ ಮೂಲವಾದ ಪ್ರಾಕೃತ ಗಾಹೆಗಳಿರುವುದು ಶಿವಾರ್ಯನ ‘ಭಗವತೀ ಆರಾಧನಾ’ದಲ್ಲಿ. ಶಿವಾರ್ಯ ಯಾಪನೀಯನೇ ಎಂದು ಹಲವರು ವಾದಿಸುತ್ತಾರೆ, ದಿಗಂಬರ ಪಂಡಿತರಲ್ಲಿ ಅನೇಕರು ಒಪ್ಪುವುದಿಲ್ಲ.