ಬಾಗಿಲು ತಟ್ಟಿದ ಪೋಲೀಸರಿಂದ ಕಿಸೆಯ ಫೋನಿನವರೆಗೆ

ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಯಾರಾದರೊಬ್ಬ ಚುರುಕಿನ ಹುಡುಗ ಕೇಳಿಯೇ ಕೇಳುತ್ತಾನೆ: "ಸಾರ್, ಖಾಸಗಿತನದ ಹಕ್ಕು ಯಾವ ವಿಧಿಯಲ್ಲಿದೆ?" ಸಂವಿಧಾನದ ಮೂರನೇ ಭಾಗವನ್ನು ಎಷ್ಟು ತಿರುವಿದರೂ ಆ ಶಬ್ದ ಸಿಗುವುದಿಲ್ಲ. ಹಾಗಾದರೆ ಆ ಹಕ್ಕು ಎಲ್ಲಿಂದ ಬಂತು? ಅದೊಂದು ಸ್ವಾರಸ್ಯದ ಕಥೆ.

ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬವರಿದ್ದರು. 1941ರಲ್ಲಿ ಒಂದು ದರೋಡೆ ಪ್ರಕರಣದಲ್ಲಿ ಅವರನ್ನು ಹಿಡಿದರು, ಸಾಕ್ಷ್ಯ ಸಾಲದೆ ಬಿಟ್ಟರು. ಆದರೆ ಠಾಣೆಯಲ್ಲಿ ಅವರ ಹೆಸರಿನ ಕಡತ ಮುಚ್ಚಲಿಲ್ಲ. ರಾತ್ರಿ ಹೊತ್ತು ಊರಿನ ಚೌಕಿದಾರನೋ ಪೋಲೀಸರೋ ಬಂದು ಬಾಗಿಲು ತಟ್ಟಿ ಎಬ್ಬಿಸುವುದು, ಬೇರೆ ಊರಿಗೆ ಹೊರಟರೆ ಎಲ್ಲಿಗೆಂದು ಹೇಳಿ ಹೋಗಬೇಕೆನ್ನುವುದು... ಹೀಗೇ ನಡೆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರಿನಲ್ಲಿ ತೀರ್ಪು ಬಂತು. ರಾತ್ರಿ ಮನೆಗೆ ನುಗ್ಗುವುದು ತಪ್ಪು, ಆದರೆ ಓಡಾಟದ ಮೇಲೆ ಕಣ್ಣಿಡಬಹುದು, ಏಕೆಂದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದಿತು ಬಹುಮತ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಯಾರೋ ಸದಾ ನೋಡುತ್ತಿದ್ದಾರೆಂದು ಗೊತ್ತಿರುವ ಮನುಷ್ಯ ಕೈಕಾಲು ಆಡಿಸುತ್ತಿದ್ದರೂ ಸ್ವತಂತ್ರನಲ್ಲ ಎಂಬುದು ಅವರ ವಾದದ ತಿರುಳು. ಆಗ ಅದು ಅಲ್ಪಮತ, ಅಷ್ಟೆ!

ಇದಕ್ಕೂ ಮೊದಲೇ, 1954ರಲ್ಲಿ, ಎಂ.ಪಿ. ಶರ್ಮ ಪ್ರಕರಣದಲ್ಲಿ ಎಂಟು ನ್ಯಾಯಾಧೀಶರ ಪೀಠವೂ ಇಂಥದೇ ಮಾತು ಹೇಳಿತ್ತು. ಎಂಟು ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1996ರಲ್ಲಿ ಫೋನ್ ಕದ್ದಾಲಿಕೆಯ ಪ್ರಕರಣದ ತೀರ್ಪು ಕೊಡುವಾಗ ಕೋರ್ಟು ಸ್ವಲ್ಪ ಮೆತ್ತಗಾಯಿತು. ಫೋನಿನ ಮಾತುಕತೆ ಖಾಸಗಿ, ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು ಎಂದಿತು.

ಅಷ್ಟರಲ್ಲಿ ನಮ್ಮ ದೇಶಕ್ಕೆ ಮೊಬೈಲು ಬಂದಾಗಿತ್ತು. 1995ರ ಜುಲೈ 31ರಂದು ಜ್ಯೋತಿ ಬಸು ಕೊಲ್ಕತ್ತದಿಂದ ದೆಹಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಮಾಡಿದ್ದು ಮೊದಲ ಕರೆ. ಮೊಬೈಲು ಕೆಲಸ ಮಾಡಬೇಕಾದರೆ ತಾನೆಲ್ಲಿದ್ದೇನೆಂದು ಹತ್ತಿರದ ಟವರಿಗೆ ಆಗಾಗ ಹೇಳುತ್ತಲೇ ಇರಬೇಕು. ಖರಕ್ ಸಿಂಗರು ಠಾಣೆಗೆ ಹೇಳಬೇಕಾಗಿದ್ದುದನ್ನು ನಮ್ಮ ಕಿಸೆಯಲ್ಲಿರುವ ಯಂತ್ರ ನಾವು ಕೇಳದೆಯೇ ಹೇಳುತ್ತದೆ ನೋಡಿ. 2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಟವರಿನ ಜೊತೆಗೆ ಆಪ್‌ಗಳೂ ಸೇರಿಕೊಂಡವು. 2013ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಒಂದು ಟಾರ್ಚ್ ಆಪ್ ತಯಾರಕರ ಮೇಲೆ ಕ್ರಮ ಕೈಗೊಂಡಿತು. ಕೋಟಿಗಟ್ಟಲೆ ಫೋನುಗಳಲ್ಲಿದ್ದ ಆ ಆಪ್, ಬೆಳಕು ಕೊಡುವ ನೆಪದಲ್ಲಿ, ಫೋನು ಇರುವ ಜಾಗವನ್ನು ಜಾಹೀರಾತಿನವರಿಗೆ ದಾಟಿಸುತ್ತಿತ್ತು. ದೀಪ ಹಚ್ಚುವುದಕ್ಕೆ ಮನೆಯ ವಿಳಾಸ ಯಾಕೆ ಬೇಕು ಹೇಳಿ!

ಈಗ ಒಬ್ಬ ಕನ್ನಡಿಗರು ಕಥೆಗೆ ಬರುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ವಿಚಾರಣೆಯಲ್ಲಿ ಸರಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನೇ ಮುಂದಿಟ್ಟಿತು. ಎಂಟು ಜನರ ತೀರ್ಪನ್ನು ತೆಗೆದುಹಾಕಬೇಕಾದರೆ ಒಂಬತ್ತು ಜನ ಕೂರಬೇಕು. ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಒಂಬತ್ತರಲ್ಲಿ ಒಬ್ಬರು ಮೂಡಬಿದಿರೆ ಬಳಿಯ ಬೆಳುವಾಯಿಯ ನ್ಯಾ. ಅಬ್ದುಲ್ ನಜೀರ್, ನಮ್ಮ ಕಾಸರಗೋಡಿನಿಂದ ದೂರವೇನಲ್ಲ. ಸುಬ್ಬರಾವ್ ಅವರ ಅಲ್ಪಮತ 55 ವರ್ಷಗಳ ನಂತರ ಗೆದ್ದಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

2018ರಲ್ಲಿ ಆಧಾರ್ ಯೋಜನೆಯನ್ನು ಕೋರ್ಟು ಉಳಿಸಿತು. ಆದರೆ ಶಾಲೆಗೆ ಸೇರಲು ಅದು ಕಡ್ಡಾಯವಲ್ಲ ಎಂದಿತು. ಹೆತ್ತವರು ಇದನ್ನು ತಿಳಿದಿರಬೇಕು. 2019ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದದ್ದು ಇನ್ನೊಂದು ಮುಖ. ಹಾಸ್ಟೆಲಿನಲ್ಲಿ ಸಂಜೆ ಮೊಬೈಲು ಒಪ್ಪಿಸಬೇಕೆಂಬ ನಿಯಮವನ್ನು ಕೋಝಿಕ್ಕೋಡಿನ ಒಬ್ಬ ವಿದ್ಯಾರ್ಥಿನಿ ಪ್ರಶ್ನಿಸಿದಳು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದು ತೀರ್ಪಾಯಿತು. ಮರುವರ್ಷ ಜೂನಿನಲ್ಲಿ ಆನ್‌ಲೈನ್ ತರಗತಿ ಶುರುವಾಗಿ, ಕನ್ನಡ ಮಾಧ್ಯಮದ ಪುಟ್ಟ ಮಕ್ಕಳ ಕೈಗೂ ಫೋನು ಬಂತು.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಮಾಡಿತು. 2025ರ ನವೆಂಬರಿನಲ್ಲಿ ನಿಯಮಗಳು ಬಂದವು, ಹಂತ ಹಂತವಾಗಿ ಜಾರಿಯಾಗಬೇಕು. ಸರಕಾರಕ್ಕೆ ತಾನೇ ಕೊಟ್ಟುಕೊಂಡ ವಿನಾಯಿತಿ ವಿಪರೀತವಾಯಿತು ಎಂದೇ ನನಗನಿಸುತ್ತದೆ. ಹದಿನೆಂಟರೊಳಗಿನವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ ಈ ಕಾಯಿದೆ. ಆ ಒಪ್ಪಿಗೆಯ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಎಂದೂ ಇದೆ. ಯಾವ ರಾಜ್ಯದಲ್ಲಿದ್ದೀರಿ ಎಂಬ ಷರತ್ತು ಅಲ್ಲಿಲ್ಲ. ಮಂಜೇಶ್ವರದ ತಾಯಿಯೊಬ್ಬಳು ಅದನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಬಹುದು.