ಆನಂದಪುರದ ಕ್ರೈಸ್ತ ನೆಲೆ

1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಕ್ರೈಸ್ತಮತವನ್ನು ಸ್ವೀಕರಿಸಿದವನು ಸಾಮಾನ್ಯವಾಗಿ ಮನೆ, ಜಾತಿ, ಜೀವನೋಪಾಯ ಈ ಮೂರನ್ನೂ ಕಳೆದುಕೊಳ್ಳುತ್ತಿದ್ದ ಕಾಲವದು. ಆದುದರಿಂದ ಹೊಸಬರನ್ನು ಸಭೆಗೆ ಬರಮಾಡಿಕೊಂಡವರ ಮೇಲೆ ಅವರಿಗೆ ನೆಲೆಯನ್ನೂ ದುಡಿಮೆಯನ್ನೂ ಒದಗಿಸುವ ಹೊಣೆ ಬೀಳುತ್ತಿತ್ತು.

1844ರಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೆಸರನ್ನು ತಳೆದು, ಬಾಸೆಲ್ ನಗರದಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಬೋಧಕದೀಕ್ಷೆಯನ್ನು ಪಡೆದು ಮರಳಿದರು. ಕೊಡಗಿನಲ್ಲಿ ಜೀತಕ್ಕೊಳಗಾಗಿದ್ದ ಹೊಲೆಯರು ಕ್ರೈಸ್ತಸಭೆಯನ್ನು ಸೇರತೊಡಗಿದಾಗ, ಕೌಂಡಿನ್ಯರು ತಮ್ಮ ಸ್ವಂತ ದ್ರವ್ಯವನ್ನು ವ್ಯಯಿಸಿ ಭೂಮಿಯನ್ನು ಕೊಂಡು ಅವರನ್ನು ಅಲ್ಲಿ ನೆಲೆಗೊಳಿಸಿದರು. ಆ ಗ್ರಾಮಕ್ಕೆ ಆನಂದಪುರವೆಂಬ ಹೆಸರಾಯಿತು. ಬ್ರಾಹ್ಮಣ ಕುಲದಲ್ಲಿ ಜನಿಸಿದವನೊಬ್ಬನ ಸ್ವತ್ತು ಅಸ್ಪೃಶ್ಯರೆನಿಸಿದ್ದವರ ನೆಲೆಗಾಗಿ ವಿನಿಯೋಗವಾದುದು ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.